ಇಬ್ಬರು ಮಕ್ಕಳು, ಮೂರು ಗಂಟೆ

ತಿಂಗಳಿಗೆ ಎರಡು ಭಾನುವಾರ ನಾನು ಊರಿಗೆ ಹೋಗ್ತೀನಿ. ರೈಲಲ್ಲಿ ಗುಬ್ಬಿಗೆ ಬಂದು, ಅಲ್ಲಿಂದ ಗೆಳೆಯನ ಬೈಕು. ನಮ್ಮೂರಿನ ಪಕ್ಕದಲ್ಲೇ ಬಿದರೆಹಳ್ಳ ಕಾವಲ್. ಕಾವಲ್ ಅಂದ್ರೆ ದನ ಮೇಯೋಕೆ ಅಂತ ಬಿಟ್ಟ ಹುಲ್ಲುಗಾವಲು. ಈಗ ಅಲ್ಲಿ ದನಗಳಿಲ್ಲ, 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ ಆಯಿತು. ಎರಡು ಸಲವೂ ಪ್ರಧಾನಿಯೇ ಬಂದಿದ್ದರು.

“ಫ್ಯಾಕ್ಟ್ರಿ ಬಂತಲ್ಲಪ್ಪ, ಇನ್ನು ನಮ್ ಹುಡುಗ್ರು ಬೆಂಗ್ಳೂರಿಗೆ ಓಡೋದು ತಪ್ತು” ಅಂತ ನಮ್ಮ ದೊಡ್ಡಪ್ಪ ಹೇಳ್ತಿದ್ದರು. ಆದರೆ ಹೆಲಿಕಾಪ್ಟರ್ ಕಟ್ಟೋ ಕೆಲಸಕ್ಕೆ ಐಟಿಐ ಬೇಕು, ಡಿಪ್ಲೊಮಾ ಬೇಕು, ಬಿಇ ಬೇಕು. ಆ ಎಲ್ಲಾ ದಾರಿಗಳೂ ಪ್ರೈಮರಿ ಶಾಲೆಯ ಭಾಗಾಕಾರ, ಭಿನ್ನರಾಶಿ ದಾಟಿಯೇ ಹೋಗಬೇಕು. ಅಲ್ಲಿ ಮುಗ್ಗರಿಸಿದವರಿಗೆ ಗೇಟು ಎಷ್ಟು ಹತ್ತಿರ ಇದ್ದರೇನು?

ಇದನ್ನೇ ಯೋಚಿಸಿ ದೇವಸ್ಥಾನದ ಜಗುಲಿ ಮೇಲೆ ಮಕ್ಕಳಿಗೆ ಲೆಕ್ಕ ಹೇಳಿಕೊಡೋಕೆ ಶುರು ಮಾಡಿದೆ. ಬೆಳಗ್ಗೆ ಹತ್ತರಿಂದ ಒಂದು, ಒಟ್ಟು ಮೂರು ಗಂಟೆ. ಹನ್ನೊಂದು ಮಕ್ಕಳು. ಬರೀ ಲೆಕ್ಕ ಅಂದ್ರೆ ಯಾರೂ ಬರಲ್ಲ ಅಂತ ನಾಲ್ಕು ಚೆಸ್ ಬೋರ್ಡ್ ತಗೊಂಡು ಹೋದೆ.

ಚೆಸ್ ಆಡಿದರೆ ಗಣಿತ ಬರುತ್ತೆ ಅಂತ ನಾನೂ ನಂಬಿದ್ದೆ. ಅರ್ಮೇನಿಯಾ 2011ರಲ್ಲಿ ಶಾಲೆಗಳಲ್ಲಿ ಚೆಸ್ ಕಡ್ಡಾಯ ಮಾಡಿತು. 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದಮೇಲಂತೂ ಕೇಳೋದೇ ಬೇಡ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎಲ್ಲರೂ ಅದೇ ಮಾತು. ಆದರೆ ಇಂಗ್ಲೆಂಡಿನಲ್ಲಿ ನೂರು ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಪರೀಕ್ಷೆ ಮಾಡಿ ನೋಡಿದ್ದಾರೆ. ಅದರ ವರದಿ ಬಂದಿದ್ದು 2016ರಲ್ಲಿ. ಚೆಸ್ ಪಾಠ ಮುಗಿದು ಒಂದು ವರ್ಷ ಆದಮೇಲೆ ನೋಡಿದರೆ, ಚೆಸ್ ಕಲಿತ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ.

ನಮ್ಮ ಜಗುಲಿಯಲ್ಲೂ ಚೆಸ್ ಯಾರಿಗೂ ಭಾಗಾಕಾರ ಕಲಿಸಲಿಲ್ಲ. ಆದರೆ ಒಂದು ಕೆಲಸ ಮಾಡಿತು. ಏಳನೇ ಕ್ಲಾಸಿನ ಒಂದು ಹುಡುಗಿ ಇದ್ದಳು. ಲೆಕ್ಕ ಕೊಟ್ಟರೆ ತಲೆ ಬಗ್ಗಿಸಿ ಕೂರೋಳು. ಬಾಯೇ ಬಿಡ್ತಿರಲಿಲ್ಲ. ಸೈನಿಕಕ್ಕೆ ಒಂದು, ಕುದುರೆ ಒಂಟೆಗೆ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಅಂತ ಬೆಲೆ ಹೇಳಿಕೊಟ್ಟಿದ್ದೆ. ಒಂದಿನ ತಾನಾಗೇ ಕೇಳಿದಳು: “ಅಣ್ಣಾ, ನನ್ ಆನೆ ಕೊಟ್ಟು ಅವನ ಒಂಟೆ, ಎರಡು ಸೈನಿಕ ತಗೊಂಡ್ರೆ ಲಾಸಾ?” ಮೂರಕ್ಕೆ ಎರಡು ಕೂಡಿಸಿ ಐದು, ಸರಿಸಮ. ಲೆಕ್ಕ ಅಂತ ಕೊಟ್ಟಿದ್ದರೆ ಕೈಬೆರಳು ಎಣಿಸ್ತಿದ್ದ ಹುಡುಗಿ ಇದನ್ನ ಮನಸ್ಸಲ್ಲೇ ಮಾಡಿದ್ದಳು. ತಪ್ಪು ನಡೆ ಇಟ್ಟರೆ ಬೋರ್ಡು ಬೈಯಲ್ಲ, ನಗಲ್ಲ. ಅಷ್ಟಕ್ಕೇ ಅವಳ ಬಾಯಿ ಬಿಚ್ಚಿತು. ಅಲ್ಲಿಂದ ಮುಂದಿನ ಕೆಲಸ ನನ್ನದಿತ್ತು. ಪಕ್ಕದಲ್ಲಿ ಕೂತು, ಹುಣಸೆ ಬೀಜ ಹಂಚಿಸಿ, ಭಾಗಾಕಾರ ಅಂದ್ರೇನು ಅಂತ ಮೊದಲಿಂದ ಹೇಳಿಕೊಡಬೇಕಿತ್ತು.

ನಾನು ಮಾಡಲಿಲ್ಲ. ಯಾಕೆ ಅನ್ನೋದೇ ಈ ಬರಹ.

ಅದೇ ಗುಂಪಿನಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗ ಇದ್ದ. ಚುರುಕು ಅಂದ್ರೆ ಚುರುಕು. ಮೂರನೇ ವಾರಕ್ಕೇ ಚೆಸ್‌ನಲ್ಲಿ ನನ್ನ ಬೆವರಿಳಿಸಿದ. ಅವರಪ್ಪ ಬಂದು, “ಇವ್ನ ನವೋದಯಕ್ಕೆ ಕಟ್ಸಿದೀನಿ, ನೀನೇ ಒಸಿ ನೋಡ್ಕಳಪ್ಪ” ಅಂದರು. ನವೋದಯ ಸಾಮಾನ್ಯವಾಗಿ ಜಿಲ್ಲೆಗೊಂದು. ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ: 40 ಬುದ್ಧಿಶಕ್ತಿಗೆ, 20 ಗಣಿತಕ್ಕೆ, 20 ಭಾಷೆಗೆ. ನಾನು ಅವನನ್ನ ಹಿಡ್ಕೊಂಡು ಕೂತೆ. ಮೂರು ಗಂಟೆಯಲ್ಲಿ ಎರಡು ಗಂಟೆ ಅವನಿಗೆ, ಉಳಿದ ಒಂದು ಗಂಟೆ ಹತ್ತು ಮಕ್ಕಳಿಗೆ. ಆ ಹುಡುಗಿ ಎರಡು ಭಾನುವಾರ ಬಂದಳು, ಚೆಸ್ ಬೋರ್ಡ್ ಜೋಡಿಸಿಕೊಂಡು ಕೂತಳು, ಎದ್ದು ಹೋದಳು. ಆಮೇಲೆ ಬರಲಿಲ್ಲ. ಬರ್ತಿಲ್ಲ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ.

ಹುಡುಗನಿಗೆ ಸೀಟು ಸಿಕ್ಕಿತು. ಅವನ ಜೊತೆ ಫೋಟೊ ತೆಗೆಸಿಕೊಂಡು ಸ್ಟೇಟಸ್ ಹಾಕಿದೆ. ಆಫೀಸಿನವರೆಲ್ಲ “ಗ್ರೇಟ್ ಇಂಪ್ಯಾಕ್ಟ್” ಅಂದರು. ಮುಂದಿನ ಸಲ ಊರಿಗೆ ಹೋದಾಗ ಅಂಗಡಿ ಮುಂದೆ ಹುಡುಗಿಯ ಅಮ್ಮ ಸಿಕ್ಕಿದರು. ಜಗಳ ಆಡಲಿಲ್ಲ, ಆಡಿದ್ದರೇ ಚೆನ್ನಾಗಿತ್ತು. “ನಮ್ ಮಗೀಗೆ ತಲೆಗೆ ಹತ್ತಲ್ಲ ಬಿಡಪ್ಪ. ನಿಂಗೂ ಟೈಮ್ ಇರ್ಬೇಕಲ್ಲ” ಅಂದರು.

ರೈಲಲ್ಲಿ ವಾಪಸ್ ಬರುವಾಗ ನನ್ನ ಪರವಾಗಿ ನಾನೇ ವಾದ ಮಾಡಿದೆ. ಹಳ್ಳಿಯ ಪ್ರತಿಭೆ ಹಾಳಾಗೋದೂ ಅನ್ಯಾಯವೇ ಅಲ್ವಾ? ಒಬ್ಬ ಮೇಲೆ ಬಂದರೆ ಹತ್ತು ಜನರನ್ನ ಎಳ್ಕೊತಾನೆ ಅಲ್ವಾ? ವಾದ ಚೆನ್ನಾಗೇ ಇತ್ತು. ಆದರೆ ಎರಡನೆಯದಕ್ಕೆ ಉದಾಹರಣೆ ಹುಡುಕಿದರೆ ಸಿಕ್ಕಿದ್ದು ನಾನೇ. ಹದಿಮೂರು ವರ್ಷದಿಂದ ಸಾಫ್ಟ್‌ವೇರ್‌ನಲ್ಲಿದೀನಿ. ಯಾವ ಹತ್ತು ಜನರನ್ನ ಎಳ್ಕೊಂಡೆ?

ನಮ್ಮ ಮೇಷ್ಟ್ರು ಶಾಲೆ ಬಿಟ್ಟಮೇಲೆ ದಿನಾ ಒಂದು ಗಂಟೆ ನನ್ನೊಬ್ಬನನ್ನ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ಆ ಋಣ ತೀರಿಸ್ತಿದೀನಿ ಅಂದುಕೊಂಡಿದ್ದೆ. ನಿಜ ಹೇಳಬೇಕಂದ್ರೆ ನಾನು ಆ ಹುಡುಗನಲ್ಲಿ ನೋಡ್ತಿದ್ದಿದ್ದು ಹತ್ತು ವರ್ಷದ ನನ್ನನ್ನೇ. ನನ್ನ ಬೆಂಚಲ್ಲಿ ಪಕ್ಕ ಕೂರ್ತಿದ್ದವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಈಗ ತೆಂಗಿನಕಾಯಿ ಸುಲಿಯೋ ಕೆಲಸ ಮಾಡ್ತಾನೆ. ಆ ಒಂದು ಗಂಟೆ ಅವನಿಗೆ ಸಿಕ್ಕಿದ್ದರೆ ಅಂತ ನಾನು ಇಷ್ಟು ವರ್ಷ ಒಂದು ಸಲವೂ ಯೋಚಿಸಿರಲಿಲ್ಲ. ಮೇಷ್ಟ್ರನ್ನ ದೂರ್ತಿಲ್ಲ. ಅವರಿಗೂ ಒಂದೇ ಗಂಟೆ ಇತ್ತು.

ಆಫೀಸಿನಲ್ಲಿ ನಾವು ಅಳೆಯೋದು ಏನು ಸಿಕ್ಕಿತು ಅಂತ. ಸಹಾಯವನ್ನ ಅಳೆಯೋಕೆ ಇನ್ನೊಂದು ಪ್ರಶ್ನೆ ಬೇಕು ಅನ್ನಿಸುತ್ತೆ: ನಾನು ಬರದೇ ಇದ್ದಿದ್ದರೆ ಯಾರಿಗೆ ಏನು ತಪ್ಪಿಹೋಗ್ತಿತ್ತು? ಆ ಹುಡುಗನಿಗೆ ಗೈಡ್ ಇತ್ತು, ಬೆನ್ನಿಗೆ ಅಪ್ಪ ಇದ್ದರು, ತಾನೇ ಓದಿಕೊಳ್ಳೋ ತಲೆಯಿತ್ತು. ನಾನಿಲ್ಲದೆಯೂ ಅವನಿಗೆ ಸೀಟು ಸಿಕ್ಕೀತು ಅಂತ ಖಂಡಿತ ಹೇಳಲಾರೆ. ಅವನಿಗೆ ಕೊಟ್ಟಿದ್ದು ತಪ್ಪು ಅಂತಲೂ ಅಲ್ಲ. ಆದರೆ ಅವನಿಗೆ ನಾನು ಒಂದು ದಾರಿ. ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

ಮುಂದಿನ ಭಾನುವಾರ ಅವರ ಮನೆಗೆ ಹೋಗಿ ಕರೆದೆ. ಹುಡುಗಿ ಒಳಗಿಂದ ಬರಲೇ ಇಲ್ಲ. ಮೂರನೇ ಸಲಕ್ಕೆ ಬಂದಳು. ಈಗ ಜಗುಲಿಯಲ್ಲಿ ಮೊದಲ ಗಂಟೆ ಹಿಂದೆ ಉಳಿದವರಿಗೆ. ಆ ಹೊತ್ತಲ್ಲಿ ಚುರುಕಿನ ಮಕ್ಕಳು ತಾವೇ ಬಿಡಿಸ್ತಾರೆ, ಇಲ್ಲಾ ಚೆಸ್ ಆಡ್ತಾರೆ. ಒಬ್ಬರ ಅಪ್ಪನಿಗೆ ಇದು ಸರಿಬರದೆ ಮಗನನ್ನ ಟ್ಯೂಷನ್‌ಗೆ ಸೇರಿಸಿದರು. ಅವರದ್ದೂ ತಪ್ಪಲ್ಲ.

ಹೋದ ವಾರ ಅವಳು 23 ಹುಣಸೆ ಬೀಜವನ್ನ ನಾಲ್ಕು ಗುಂಪು ಮಾಡ್ತಿದ್ದಳು. ಗುಂಪಿಗೆ ಐದೈದು ಇಟ್ಟು ಕೈಯಲ್ಲಿ ಉಳಿದಿದ್ದನ್ನ ನೋಡಿದಳು.

“ಮೂರು ಮಿಕ್ತು ಅಣ್ಣಾ. ಇದನ್ನ ಯಾರಿಗೆ ಕೊಡ್ಲಿ?”

ಲೆಕ್ಕದಲ್ಲಿ ಅದಕ್ಕೆ ಶೇಷ ಅಂತಾರೆ, ಪಕ್ಕಕ್ಕೆ ಬರೆದಿಡು ಅಂದೆ. ಬರೆದಳು. ಬೀಜ ಮಾತ್ರ ಎಸೀಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡು ಮುಂದಿನ ಲೆಕ್ಕ ಕೇಳಿದಳು.