ಕೊಂಡ ಸಂಗೀತ ಮತ್ತು ಕಳವಿನ ಪ್ರಶ್ನೆ

ಒಬ್ಬನ ಕಣಜದಿಂದ ಅವನರಿಯದಂತೆ ಧಾನ್ಯವನ್ನು ಒಯ್ದರೆ ಕಣಜ ಬರಿದಾಗುತ್ತದೆ. ಅದು ಕಳವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಒಯ್ದ ಮೇಲೂ ವಸ್ತುವು ಒಡೆಯನ ಬಳಿ ಇದ್ದಂತೆಯೇ ಉಳಿಯುವುದಾದರೆ ಅದನ್ನು ಏನೆಂದು ಕರೆಯಬೇಕು? ನಕಲು ಮಾಡುವ ಯಂತ್ರಗಳು ಬಂದಂದಿನಿಂದಲೂ ಈ ಪ್ರಶ್ನೆ ಇದೆ. ತನ್ನಷ್ಟಕ್ಕೆ ತಾನೇ ನುಡಿಯುವ ಪಿಯಾನೋ ವಾದ್ಯದ ಇತಿಹಾಸದಲ್ಲಿ ಇದು ಎರಡು ಬಾರಿ, ಎರಡು ರೂಪದಲ್ಲಿ ಎದುರಾಗಿದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಇಂತಹ ಪಿಯಾನೋಗಳು ರಂಧ್ರಗಳಿದ್ದ ಕಾಗದದ ಸುರುಳಿಯಿಂದ ನುಡಿಯುತ್ತಿದ್ದವು. 1980ರ ದಶಕದಲ್ಲಿ ಸುರುಳಿಯ ಸ್ಥಾನಕ್ಕೆ ಫ್ಲಾಪಿ ಡಿಸ್ಕ್ ಬಂದಿತು. ಯಮಹಾ ಸಂಸ್ಥೆಯ ಡಿಸ್ಕ್‌ಲೇವಿಯರ್ 1987ರಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿತು. ಫ್ಲಾಪಿಯಲ್ಲಿ ಇರುವುದು ನಾದವಲ್ಲ. ಯಾವ ಕೀಲಿ, ಯಾವ ಕ್ಷಣದಲ್ಲಿ, ಎಷ್ಟು ಬಲದಿಂದ ಒತ್ತಲ್ಪಡಬೇಕು, ಯಾವಾಗ ಬಿಡಲ್ಪಡಬೇಕು ಎಂಬ ಸಂಕೇತಗಳು ಮಾತ್ರ. ಆ ಸಂಕೇತದಂತೆ ವಿದ್ಯುತ್ಕಾಂತಗಳು ಕೀಲಿಗಳನ್ನು ಚಲಿಸುತ್ತವೆ. ನಿಜವಾದ ಸುತ್ತಿಗೆ ನಿಜವಾದ ತಂತಿಯನ್ನು ಹೊಡೆಯುತ್ತದೆ. ಮುಂದೆ ಸಿ.ಡಿ.ಗಳೂ ಬಂದವು. ಹಲವು ಸಿ.ಡಿ.ಗಳಲ್ಲಿ ಎರಡು ಧ್ವನಿಪಥಗಳ ಪೈಕಿ ಒಂದರಲ್ಲಿ ಪಕ್ಕವಾದ್ಯ ಅಥವಾ ಗಾಯನ, ಇನ್ನೊಂದರಲ್ಲಿ ಪಿಯಾನೋಗೆ ಬೇಕಾದ ಸಂಕೇತ. ಅದನ್ನು ಸಾಮಾನ್ಯ ಯಂತ್ರದಲ್ಲಿ ಹಾಕಿದರೆ ಒಂದು ಬದಿಯಿಂದ ಕರ್ಕಶವಾದ ಸದ್ದಷ್ಟೇ ಕೇಳಿಬರುತ್ತದೆ.

ಈಗ ಆ ಪಿಯಾನೋಗಳು ಹಳೆಯವಾಗಿವೆ. ಮರ, ತಂತಿ, ಸುತ್ತಿಗೆಗಳು ಒಳ್ಳೆಯ ಆರೈಕೆಯಲ್ಲಿ ಎರಡು ತಲೆಮಾರು ಬಾಳುತ್ತವೆ. ಫ್ಲಾಪಿಯನ್ನು ಓದುವ ಭಾಗವಾದರೋ ಅಷ್ಟು ಕಾಲ ಬಾಳುವುದಿಲ್ಲ. ಫ್ಲಾಪಿಯ ಮೇಲಿನ ಕಾಂತೀಯ ಲೇಪವೂ ವರ್ಷಗಳು ಕಳೆದಂತೆ ಕೆಡುತ್ತದೆ. ಸೋನಿ ಸಂಸ್ಥೆಯು 2011ರಲ್ಲಿ ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನೇ ನಿಲ್ಲಿಸಿತು. ಪರಿಹಾರವೊಂದು ಇಲ್ಲದಿಲ್ಲ. ಹಳೆಯ ಭಾಗವನ್ನು ತೆಗೆದು, ಫ್ಲಾಪಿಯಂತೆಯೇ ವರ್ತಿಸುವ ಚಿಕ್ಕ ಉಪಕರಣವನ್ನು ಅಲ್ಲಿ ಕೂರಿಸಿ, ಡಿಸ್ಕಿನಲ್ಲಿದ್ದುದನ್ನೆಲ್ಲ ಯು.ಎಸ್.ಬಿ. ಕಡ್ಡಿಗೆ ನಕಲು ಮಾಡಿಕೊಂಡರೆ ಪಿಯಾನೋ ಮತ್ತೆ ನುಡಿಯುತ್ತದೆ. ಆದರೆ ಕೆಲವು ಡಿಸ್ಕ್‌ಗಳಿಗೆ ನಕಲನ್ನು ತಡೆಯುವ ಬೀಗವನ್ನು ತಯಾರಕರೇ ಹಾಕಿದ್ದಾರೆ. ಹಣ ಕೊಟ್ಟು ಕೊಂಡ ಸಂಗೀತವನ್ನು ಉಳಿಸಿಕೊಳ್ಳಲು ಆ ಬೀಗವನ್ನು ತೆರೆದವನು ಕಳ್ಳನೇ?

ಇದೇ ಪ್ರಶ್ನೆಯ ಮೊದಲ ರೂಪವು 1908ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಆಡಂ ಗೈಬಲ್ ಎಂಬ ಸಂಗೀತಕಾರನ ಎರಡು ಗೀತೆಗಳನ್ನು ಅಪೋಲೋ ಎಂಬ ಕಂಪನಿಯು ಸುರುಳಿಗಳಾಗಿ ಮಾಡಿ ಮಾರಿತ್ತು. ಪ್ರಕಾಶಕರಾದ ವೈಟ್-ಸ್ಮಿತ್ ಸಂಸ್ಥೆಯವರು ದಾವೆ ಹೂಡಿದರು. ಮನುಷ್ಯನು ನೋಡಿ ಓದಬಲ್ಲ ಬರಹವಲ್ಲದ ಕಾರಣ ಸುರುಳಿಯು ಆಗಿನ ಕಾನೂನಿನ ಅರ್ಥದಲ್ಲಿ ನಕಲಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಕಣ್ಣಿಗೆ ಕಾಣುವುದೇ ನಕಲೆಂಬ ಈ ಮಾತು ಯಾರ ಗೀತೆಗಳ ವಿಷಯದಲ್ಲಿ ಹೊರಟಿತೋ ಆ ಗೈಬಲ್ ಬಾಲ್ಯದಿಂದಲೂ ಅಂಧನಾಗಿದ್ದನು. ತೀರ್ಪಿಗೆ ಸಮ್ಮತಿಸಿದ ನ್ಯಾಯಮೂರ್ತಿ ಹೋಮ್ಸ್ ಅವರು ಸಹ, ತರ್ಕದಂತೆ ನೋಡಿದರೆ ಸುರುಳಿಯೂ ನಕಲೆನಿಸಬೇಕೆಂಬ ಅಭಿಪ್ರಾಯವನ್ನು ಪ್ರತ್ಯೇಕವಾಗಿ ದಾಖಲಿಸಿದರು. ಮರುವರ್ಷವೇ, 1909ರಲ್ಲಿ, ಹೊಸ ಶಾಸನವು ಪ್ರತಿ ಸುರುಳಿಗೆ 2 ಸೆಂಟುಗಳು ಕೃತಿಯ ಹಕ್ಕುದಾರರಿಗೆ ಸಲ್ಲಬೇಕೆಂದು ವಿಧಿಸಿತು.

ಇಲ್ಲಿ ವಿಚಾರಮಾಡತಕ್ಕ ಅಂಶವೊಂದಿದೆ. 1908ರಲ್ಲಿ ಸುರುಳಿ ಮಾರಿದವನು ಕಾನೂನಿನ ದೃಷ್ಟಿಯಲ್ಲಿ ನಿರ್ದೋಷಿ. ಮುಂದಿನ ವರ್ಷ ಹಾಗೆಯೇ ಮಾಡಿದವನು ದೋಷಿ. ಈ ನಡುವೆ ಶಾಸನ ಬದಲಾಯಿತೇ ಹೊರತು ಕೃತಿಕಾರನ ಶ್ರಮ ಬದಲಾಗಲಿಲ್ಲ. ಕಾನೂನು ಪದದ ಅರ್ಥವನ್ನು ಹುಡುಕುತ್ತದೆ; ನೀತಿಯು ಯಾರ ಶ್ರಮದ ಫಲ ಯಾರಿಗೆ ಸಂದಿತೆಂಬುದನ್ನು ಕೇಳುತ್ತದೆ. ಕೊಡದುದನ್ನು ಕೊಳ್ಳುವುದೇ ಕಳವೆಂಬ ಹಿರಿಯರ ವ್ಯಾಖ್ಯೆಯಲ್ಲಿ ವಸ್ತುವು ಕಣ್ಣಿಗೆ ಕಾಣಬೇಕೆಂಬ ನಿಯಮವಿಲ್ಲ.

ಈ ಅಳತೆಗೋಲಿನಿಂದ ನೋಡಿದರೆ, ಬೆಲೆ ತೆತ್ತು ಡಿಸ್ಕನ್ನು ಕೊಂಡವನಿಗೆ ಅದರಲ್ಲಿರುವ ಸಂಗೀತವನ್ನು ತನ್ನ ವಾದ್ಯದಲ್ಲಿ ಕೇಳುವ ಅಧಿಕಾರವನ್ನು ಕೊಟ್ಟದ್ದಾಗಿದೆ. ಲೇಪ ಕೆಟ್ಟ ಮಾತ್ರಕ್ಕೆ ಆ ಅಧಿಕಾರ ಕೆಡುವುದಿಲ್ಲ. ಅವನು ತನಗಾಗಿ ಮಾಡಿಕೊಂಡ ನಕಲಿನಿಂದ ಕೃತಿಕಾರನಿಗೂ ವಾದಕನಿಗೂ ಸಲ್ಲಬೇಕಾದುದು ತಪ್ಪುವುದಿಲ್ಲ. ಆದರೆ ಅದೇ ಕಡ್ಡಿಯನ್ನು ನೆರೆಯವನಿಗೆ ಕೊಟ್ಟಾಗ, ಅಥವಾ ಪಿಯಾನೋವನ್ನೂ ಡಿಸ್ಕ್‌ಗಳನ್ನೂ ಮಾರಿ ನಕಲನ್ನು ತಾನೇ ಇಟ್ಟುಕೊಂಡಾಗ, ಒಬ್ಬನಿಗೆ ಕೊಟ್ಟದ್ದು ಇಬ್ಬರದಾಗುತ್ತದೆ. ಕಳವು ಅಲ್ಲಿಂದ ಆರಂಭ.

ಆ ಡಿಸ್ಕ್‌ಗಳು ಈಗ ಅಂಗಡಿಯಲ್ಲಿ ದೊರೆಯುವುದೇ ಇಲ್ಲವಲ್ಲ, ಕೊಳ್ಳದವನು ನಕಲು ಮಾಡಿಕೊಂಡರೆ ಯಾರಿಗೆ ನಷ್ಟ ಎಂಬುದು ಪೂರ್ವಪಕ್ಷ. ಮಾತು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ದುರ್ಲಭತೆಯು ಆಸೆಯನ್ನು ಹೆಚ್ಚಿಸಬಹುದೇ ಹೊರತು ಅಧಿಕಾರವನ್ನು ಹುಟ್ಟಿಸಲಾರದು. ಹಕ್ಕುದಾರನನ್ನು ಹುಡುಕಿ ಕೇಳುವ ದಾರಿಯಿದೆ; ಹಳೆಯ ಡಿಸ್ಕನ್ನೇ ಕೊಂಡವನಿಂದ ಕೊಳ್ಳುವ ದಾರಿಯೂ ಇದೆ. ಈ ದಾರಿಗಳನ್ನು ತುಳಿಯದೆ ನಷ್ಟವಿಲ್ಲವೆಂದು ತೀರ್ಮಾನಿಸುವವನು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುತ್ತಾನೆ.

ಬೀಗದ ಮಾತು ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ 1998ರ ಶಾಸನವೊಂದು ಇಂತಹ ಬೀಗಗಳನ್ನು ಮುರಿಯುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಆದುದರಿಂದ ಕೊಂಡವನೇ ಬೀಗ ತೆರೆದರೂ, ಕಳ್ಳನಲ್ಲದವನು ಕಾನೂನು ಮೀರಿದವನಾಗಬಹುದು. ತಾನು ಕಳ್ಳನಲ್ಲವೆಂಬ ಸಮಾಧಾನದಲ್ಲಿ ಈ ಎರಡನೆಯ ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ.

ಹಾಗೆಂದು ಹೊಣೆಯೆಲ್ಲ ಕೊಂಡವನ ಮೇಲೆಯೇ ಬೀಳತಕ್ಕದ್ದಲ್ಲ. ಅರುವತ್ತು ವರ್ಷ ಬಾಳುವ ವಾದ್ಯದೊಳಗೆ ಇಪ್ಪತ್ತು ವರ್ಷದ ಬೀಗವನ್ನಿಟ್ಟು ಮಾರಿ, ಬೀಗದ ಕೈಯನ್ನು ಕೊಡದೆ ಹೋಗುವವನೂ ಪರೀಕ್ಷೆಗೆ ಒಳಗಾಗಬೇಕು. ಪೂರ್ಣ ಬೆಲೆ ಪಡೆದು, ಕೊಟ್ಟುದನ್ನು ಕಾಲದ ಕೈಯಿಂದ ಹಿಂದಕ್ಕೆ ಪಡೆಯುವುದೂ ಒಂದು ಬಗೆಯ ಅಪಹರಣವೇ. ಹಳೆಯ ಡಿಸ್ಕ್ ತಂದು ತೋರಿಸಿದವನಿಗೆ ಅದೇ ಸಂಗೀತವನ್ನು ಓದಬಲ್ಲ ರೂಪದಲ್ಲಿ ಕೊಡುವುದು ದಾನವಲ್ಲ, ಬಾಕಿಯ ಸಂದಾಯ.