ಗುರುವಿನ ಋಣ

ಅರಿವು ಕೊಟ್ಟ ಗುರುವು ಕಣ್ಮರೆಯಾದ ಬಳಿಕ ಶಿಷ್ಯನಲ್ಲಿ ಉಳಿಯುವುದೇನು? ಹೆಸರೋ, ಭಾವಚಿತ್ರವೋ, ವರ್ಷಕ್ಕೊಮ್ಮೆ ಸಲ್ಲಿಸುವ ಹೂಮಾಲೆಯೋ? ಅರಿವನ್ನೇ ಗುರುವೆಂದು ಕಂಡ ಶರಣರ ದೃಷ್ಟಿಯಲ್ಲಿ ಇವೆಲ್ಲ ಹೊರಗಿನ ಗುರುತುಗಳು; ಗುರುವು ನಿಜವಾಗಿ ಉಳಿಯುವುದು ಶಿಷ್ಯನ ಆಚಾರದಲ್ಲಿ.

ಕಲಬುರ್ಗಿಯ ಮಹಾದಾಸೋಹಿ ಶರಣಬಸವೇಶ್ವರರ (1746–1822) ಗರ್ಭಗುಡಿಯಲ್ಲಿ ಪೂಜೆಗೊಳ್ಳುವುದು ಜೋಡು ಮೂರ್ತಿ: ಶರಣರು ಮತ್ತು ಅವರ ಗುರು ಮರುಳಾರಾಧ್ಯರು. ಸೇಡಂ, ಚಿತ್ತಾಪುರ, ಚಿಂಚೋಳಿಗಳಿಂದ ಜಾತ್ರೆಗೆ ಬರುವ ಭಕ್ತರಲ್ಲಿ ಶಿಷ್ಯರ ಚರಿತ್ರೆಯನ್ನು ಹೇಳಿದಷ್ಟು ಗುರುಗಳದನ್ನು ಹೇಳುವವರು ವಿರಳ. ಆದರೂ ಗುರುವಿಗೆ ಆ ಸ್ಥಾನ ಸಂದುದು ಏತರಿಂದ? ಅರಳಗುಂಡಗಿಯ ಹೊಲದಲ್ಲಿ ಹಕ್ಕಿಗಳು ಜೋಳ ತಿನ್ನುತ್ತಿರಲು, ಶರಣರು ಅವುಗಳಿಗೆ ಕುಡಿಯುವ ನೀರನ್ನೂ ಇರಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಕೇಳಿದ ಉಪದೇಶವು ಹೀಗೆ ದಾಸೋಹವಾಗಿ ಫಲಿಸಿತು. ಮುಂದೆ ಪೀಠಾಧಿಪತಿ ದೊಡ್ಡಪ್ಪ ಅಪ್ಪ ಅವರ ಕಾಲದಲ್ಲಿ ಅದೇ ವಿದ್ಯಾದಾಸೋಹವಾಗಿ ಬೆಳೆಯಿತು.

ಶಹಾಬಾದ, ವಾಡಿಗಳ ಗಣಿಯ ಫರಸಿಯ ಮೇಲೆ ನಾವು ದಿನವೂ ನಿಲ್ಲುತ್ತೇವೆ. ಅದನ್ನು ಹಾಸಿದ ಕೈಯನ್ನು ನೆನೆಯುವುದಿಲ್ಲ. ಗುರುಬೋಧೆಯೂ ಅಂಥದೇ. ನೆನಪು ಮಾಸಿದರೂ ನಿಲುವು ಉಳಿಯುತ್ತದೆ. ಆದರೆ ನೆನಪನ್ನು ಮೆರೆಯಿಸಿ ನಿಲುವನ್ನೇ ಕಳೆದುಕೊಂಡರೆ? ಗುರುವಿನ ಪಟಕ್ಕೆ ಆರತಿ ಬೆಳಗಿ ಅಂಗಡಿಯಲ್ಲಿ ಸುಳ್ಳು ತೂಗುವವನು, ಆಳಿನ ಕೂಲಿ ಹಿಡಿಯುವವನು, ಗುರುವನ್ನು ಮನೆಯಲ್ಲಿಟ್ಟುಕೊಂಡೇ ಕಳೆದುಕೊಂಡವನು.

ಗುರುವಿನ ಋಣವು ಕಾಣಿಕೆಯಿಂದ ತೀರದು. ಅವರು ಹೇಳಿದುದರಲ್ಲಿ ಒಂದನ್ನಾದರೂ ಸದ್ಭಕ್ತರು ನಡೆದು ತೋರಲಿ. ಮಾತಿನಿಂದಲ್ಲದೆ ನಡೆಯಿಂದ ಅದು ಮಕ್ಕಳಿಗೆ ದಾಟಿದಾಗಲೇ ಗುರುವು ಉಳಿದನೆನ್ನಬೇಕು.