ಗುರು ಕೊಡಬೇಕಾದ ಹೆಸರು

ವರ್ಣಭೇದಕ್ಕೆ ಗುರಿಯಾದ ಯುವ ಸಂಶೋಧಕರಿಗೆ ಹಿರಿಯ ಮಾರ್ಗದರ್ಶಕರೊಬ್ಬರನ್ನು ಒದಗಿಸಿದರೆ ಅವರ ಸಂಕಟ ತೀರುತ್ತದೆಯೇ? ತೀರದಿದ್ದರೂ ಕಡಿಮೆಯಾಗುತ್ತದೆ, ನಿಜ. ಆದರೆ ಮಾರ್ಗದರ್ಶಕನ ಹೊಣೆ ಎಲ್ಲಿಯವರೆಗೆ ಎಂಬುದನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ಅಮೆರಿಕದ ವಿವಿಯನ್ ಥಾಮಸ್ ಬಡಗಿ ಕೆಲಸ ಬಲ್ಲ ಕಪ್ಪು ಯುವಕ. ಕಾಲೇಜಿಗೆಂದು ಕೂಡಿಟ್ಟ ಹಣ ಬ್ಯಾಂಕಿನೊಂದಿಗೆ ಮುಳುಗಿತು. 1930ರಲ್ಲಿ ಅವರು ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕರ ಪ್ರಯೋಗಾಲಯ ಸೇರಿದರು. ಬ್ಲಾಲಾಕ್ ಮನಸ್ಸಿಟ್ಟು ಕಲಿಸಿದರು. 1941ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋಗುವಾಗ ಜೊತೆಗೇ ಕರೆದೊಯ್ದರು. ಹುಟ್ಟಿನಿಂದಲೇ ಹೃದಯದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳಿಗೆ ಬೇಕಾದ ಶಸ್ತ್ರಕ್ರಿಯೆಯನ್ನು ಥಾಮಸ್ ನಾಯಿಗಳ ಮೇಲೆ ಪ್ರಯೋಗಿಸಿ ಸಿದ್ಧಪಡಿಸಿದರು. 1944ರ ನವೆಂಬರ್ 29ರಂದು ಬ್ಲಾಲಾಕ್ ಅದನ್ನು ಮೊದಲ ಬಾರಿಗೆ ಒಂದು ಮಗುವಿನ ಮೇಲೆ ನಡೆಸಿದಾಗ, ಹಿಂದೆ ಸ್ಟೂಲಿನ ಮೇಲೆ ನಿಂತು ಹೇಳಿಕೊಡುತ್ತಿದ್ದವರು ಥಾಮಸ್. ಮರುವರ್ಷ ಪ್ರಕಟವಾದ ಲೇಖನದಲ್ಲಿ ಅವರ ಹೆಸರೇ ಇರಲಿಲ್ಲ. ಸಂಬಳ ಸಾಲದೆ ಬ್ಲಾಲಾಕರ ಔತಣಕೂಟಗಳಲ್ಲಿ ಅತಿಥಿಗಳಿಗೆ ಪಾನೀಯ ಸುರಿದುಕೊಟ್ಟದ್ದೂ ಉಂಟು.

ಬ್ಲಾಲಾಕ್ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಶಿಷ್ಯ ಪಕ್ಕದಲ್ಲಿರಲೇಬೇಕೆಂದು ಹಟ ಹಿಡಿದವರೂ ಅವರೇ. ವಿದ್ಯೆ ಕೊಟ್ಟರು, ವಿಶ್ವಾಸ ಕೊಟ್ಟರು. ಹೆಸರು ಕೊಡಲಿಲ್ಲ. ನಮ್ಮಲ್ಲಿ ಹದೀಸ್ ಹೇಳುವವರು ಅದು ಯಾರಿಂದ ಯಾರಿಗೆ ಬಂತೆಂದು ಒಬ್ಬೊಬ್ಬರ ಹೆಸರನ್ನೂ ಹೇಳಬೇಕು; ನಡುವೆ ಒಂದು ಕೊಂಡಿ ಬಿಟ್ಟುಹೋದರೂ ಆ ವರದಿ ದುರ್ಬಲ. ಜ್ಞಾನದ ವಿಷಯದಲ್ಲಿ ಹೆಸರು ಬಿಡುವುದು ಬರೀ ಮರೆವಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನಗಳ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಓದು, ಅನುಭವ, ಪ್ರಕಟಣೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ಸಂಶೋಧಕರ ಅರ್ಜಿಗೆ ಹಣ ಸಿಗುವ ಸಂಭವ ಬಿಳಿಯರದಕ್ಕಿಂತ ನೂರಕ್ಕೆ 10ರಷ್ಟು ಕಡಿಮೆಯಿತ್ತು. ಆಮೇಲೆ ಕೈಗೊಂಡ ಕ್ರಮಗಳಲ್ಲಿ ಒಂದು, 2014ರಲ್ಲಿ ಆರಂಭಿಸಿದ ಮಾರ್ಗದರ್ಶಕರ ಜಾಲ. ಒಳ್ಳೆಯದೇ. ಅರ್ಜಿ ಬರೆಯುವ ಬಗೆ, ಯಾರನ್ನು ಕಾಣಬೇಕೆಂಬ ಗುಟ್ಟು, ಇವೆಲ್ಲ ಹಿರಿಯರ ಬಾಯಿಂದಲೇ ತಿಳಿಯಬೇಕು. ಆದರೆ ತಕ್ಕಡಿಯಲ್ಲಿ ದೋಷವಿದ್ದರೆ ಮಾಲು ತಂದವನಿಗಷ್ಟೇ ತರಬೇತಿ ಕೊಟ್ಟು ಏನು ಮಾಡುವುದು? ಶಿಷ್ಯನಿಲ್ಲದ ಕೋಣೆಯಲ್ಲಿ, ಆಯ್ಕೆ ಸಮಿತಿಯ ಮುಂದೆ, ತನ್ನ ಸರೀಕರನ್ನೇ ಎದುರು ಹಾಕಿಕೊಂಡು ಮಾತನಾಡುವ ಗುರು ಬೇಕು. ಅದಕ್ಕೆ ಆತ ತೆರಬೇಕಾದ ಬೆಲೆಯೂ ಇದೆ.

ಬ್ಲಾಲಾಕ್ 1964ರಲ್ಲಿ ತೀರಿಕೊಂಡರು. ಹಾಪ್ಕಿನ್ಸ್ ಥಾಮಸರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. 1985ರಲ್ಲಿ ಥಾಮಸರೂ ತೀರಿಕೊಂಡರು. ಅವರ ಆತ್ಮಕಥೆ ಅದೇ ವರ್ಷ ಹೊರಬಂತು. ಅದರ ಶೀರ್ಷಿಕೆಯಲ್ಲಿ ಅವರು ತಮ್ಮ ಹೆಸರಿನ ಜೊತೆ ಬ್ಲಾಲಾಕರ ಹೆಸರನ್ನೂ ಸೇರಿಸಿದ್ದರು.